ಮಧುಗಿರಿ–ಪಾವಗಡ ಸೀಮೆಯ ಪ್ರಾಚೀನ ಪರ್ವತಜನನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೆಲ ಧಾರವಾಡ ಕ್ರೇಟಾನ್ ಎಂಬ ಪುರಾತನ ಭೂಖಂಡಕ್ಕೆ ಸೇರಿದ್ದು. ಅದರ ಪಶ್ಚಿಮ ಮತ್ತು ಪೂರ್ವ ಹೋಳುಗಳು ಒಂದಕ್ಕೊಂದು ಒತ್ತಿದ ಗಡಿಯನ್ನು ಹೆಚ್ಚಿನ ಭೂವಿಜ್ಞಾನಿಗಳು ಶಿರಾಕ್ಕೆ ಪಶ್ಚಿಮದಲ್ಲಿ, ಚಿತ್ರದುರ್ಗ ಷಿಸ್ಟ್ ಪಟ್ಟಿಯ ಪೂರ್ವದ ಅಂಚಿನಲ್ಲಿ ಗುರುತಿಸುತ್ತಾರೆ. ಕ್ಲೋಸ್‌ಪೇಟ್ ಗ್ರಾನೈಟನ್ನೇ ಗಡಿಯಾಗಿ ಹಿಡಿದವರೂ ಇದ್ದಾರೆ.

ರಾಮನಗರದ ಹಳೆಯ ಹೆಸರು ಹೊತ್ತ ಈ ಗ್ರಾನೈಟ್ ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಹಬ್ಬಿದೆ. ಬಿ. ಪಿ. ರಾಧಾಕೃಷ್ಣ 1956ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸುಮಾರು 252 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ತಣಿದ ಶಿಲಾಪಾಕವಿದು. ಮಧುಗಿರಿಯ ಏಕಶಿಲಾ ಬೆಟ್ಟವಾಗಲಿ ಪಾವಗಡದ ಕೋಟೆಬೆಟ್ಟವಾಗಲಿ ಆ ಕಾಲದ ಶಿಖರಗಳಲ್ಲ. ಮೇಲಿದ್ದ ಪರ್ವತವೆಲ್ಲ ಸವೆದುಹೋದ ಮೇಲೆ ಬಯಲಾದ ಬುಡ. ಹೊರಪದರ ಓರೆಯಾಗಿ ಎದ್ದಿರುವುದರಿಂದ ದಕ್ಷಿಣಕ್ಕೆ ಹೋದಷ್ಟೂ ಹೆಚ್ಚು ಆಳದಲ್ಲಿ ರೂಪುಗೊಂಡ ಶಿಲೆ ಕಾಣಸಿಗುತ್ತದೆ.

ಆ ಪರ್ವತಜನನದ ಜಾಡು ಹಿಡಿಯಲು ಭೂವೈಜ್ಞಾನಿಕ ನಕ್ಷೆ ಬರೆಯುವವರು ಇಲ್ಲಿನ ನೈಸ್ ಶಿಲೆಯ ಪಟ್ಟೆಗಳು ಯಾವ ದಿಕ್ಕಿಗೆ ಹರಿದಿವೆ, ಎಷ್ಟು ವಾಲಿವೆ, ಖನಿಜಗಳು ಯಾವ ಕಡೆಗೆ ಎಳೆದುಕೊಂಡಿವೆ ಎಂದು ಅಳೆಯುತ್ತಾರೆ. ಒತ್ತಡದ ದಿಕ್ಕು ತಿಳಿಯುವುದು ಇದರಿಂದಲೇ. ಆದರೆ ಹೊಲದ ಮಣ್ಣು, ಕೆರೆಯ ಹೂಳು ಬಂಡೆಯನ್ನು ಮುಚ್ಚಿದಲ್ಲಿ ಈ ಕೆಲಸ ನಿಲ್ಲುತ್ತದೆ. ಅಲ್ಲಿ ಕಾಂತೀಯ ಸರ್ವೇಕ್ಷಣೆ ಬೇಕು. ನೆಲದ ಮೇಲೆ ನಡೆದೋ ವಿಮಾನದಿಂದಲೋ ಮ್ಯಾಗ್ನೆಟೋಮೀಟರಿನಲ್ಲಿ ಭೂಕಾಂತಕ್ಷೇತ್ರದ ಸಣ್ಣ ಏರಿಳಿತಗಳನ್ನು ದಾಖಲಿಸುತ್ತಾರೆ. ಮ್ಯಾಗ್ನೆಟೈಟ್ ಇರುವ ಶಿಲೆ ಮಣ್ಣಿನಡಿಯಿದ್ದರೂ ಸುಳಿವು ಕೊಡುತ್ತದೆ.

ಈ ಸೀಮೆಯಲ್ಲಿ ಒಂದು ತೊಡಕುಂಟು. ಕಾಂತೀಯ ಸಮಭಾಜಕ ಹತ್ತಿರವಿರುವುದರಿಂದ ಭೂಕಾಂತಕ್ಷೇತ್ರ ಇಲ್ಲಿ ಬಹುತೇಕ ನೆಲಕ್ಕೆ ಸಮಾಂತರವಾಗಿ, ದಕ್ಷಿಣೋತ್ತರವಾಗಿ ಮಲಗಿದೆ. ಅದೇ ದಿಕ್ಕಿಗೆ ಉದ್ದಕ್ಕೆ ಚಾಚಿದ ಶಿಲೆ ಮಂಕಾಗಿ ತೋರುತ್ತದೆ. ಅಡ್ಡ ಹಾಯುವುದು ಎದ್ದು ಕಾಣುತ್ತದೆ. ಪರ್ವತಜನನದ ಗುರುತುಗಳೋ ಹೆಚ್ಚಾಗಿ ದಕ್ಷಿಣೋತ್ತರವಾದವು! ಚಿಕ್ಕನಾಯಕನಹಳ್ಳಿ ಕಡೆಯ ಕಬ್ಬಿಣದ ಅದಿರಿನಂಥ ಪ್ರಬಲ ಕಾಂತಶಿಲೆಗಳನ್ನು ಬಿಟ್ಟರೆ ಉಳಿದವಕ್ಕೆ ಕಾಂತೀಯ ನಕ್ಷೆಯನ್ನಷ್ಟೇ ನಂಬಿದರೆ ಮುಖ್ಯ ರಚನೆಯೇ ತಪ್ಪಿಹೋದೀತು. ಹಾಗಾಗಿ ಸುತ್ತಿಗೆ, ದಿಕ್ಸೂಚಿ ಹಿಡಿದು ಬಂಡೆ ಹತ್ತುವುದು ಇಂದಿಗೂ ಬೇಕೇಬೇಕು.

ಕಾಂತೀಯ ನಕ್ಷೆಯಲ್ಲಿ ಎದ್ದು ಕಾಣುವವು ಪೂರ್ವ–ಪಶ್ಚಿಮವಾಗಿ ಹಾಯುವ ಡೊಲರೈಟ್ ಡೈಕುಗಳು, ಜನರ ಮಾತಿನ ಕರಿಕಲ್ಲು. ಬೆಂಗಳೂರು ಸುತ್ತಿನ ಇಂಥ ಡೈಕುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಅವು ನೈಸ್, ಗ್ರಾನೈಟ್ ಎರಡನ್ನೂ ಸೀಳಿಕೊಂಡು ಮಡಿಕೆ ಬೀಳದೆ ನೇರವಾಗಿ ಸಾಗುತ್ತವೆ. ಅಂದರೆ ಅವು ನುಗ್ಗುವ ಹೊತ್ತಿಗೆ ಇಲ್ಲಿನ ನೆಲವನ್ನು ಮಡಿಚುವಂಥ ಒತ್ತಡ ಮುಗಿದುಹೋಗಿತ್ತು.