ನಾಲ್ಕೇ ಜನರ ಅಖಾಡ

ಮಾರಿಕುಪ್ಪಂನಲ್ಲಿ 2001 ಎಂದರೆ ಒಂದೇ ನೆನಪು: ಫೆಬ್ರವರಿ 28, ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ದಿನ. ಅದಕ್ಕೆ ನಾಲ್ಕು ವಾರ ಮುಂಚೆ, ಜನವರಿ 31ರಂದು, ಜಪಾನಿನ ಸೆಗಾ ಕಂಪನಿ ತನ್ನ ಡ್ರೀಮ್‌ಕಾಸ್ಟ್ ಎಂಬ ಗೇಮ್ ಯಂತ್ರದ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಎರಡಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಈ ಊರಿನವನಾದ ನನಗೆ ಆ ಯಂತ್ರದ ಕತೆ ಪಕ್ಕದ ಮನೆಯ ಸುದ್ದಿಯಂತೆಯೇ ಕೇಳಿಸುತ್ತದೆ.

1999ರ ಡಿಸೆಂಬರಿನಲ್ಲಿ ಐಡಿ ಸಾಫ್ಟ್‌ವೇರ್ ಹೊರತಂದ 'ಕ್ವೇಕ್ 3 ಅರೀನಾ' ಕಂಪ್ಯೂಟರಿಗೆಂದೇ ಹುಟ್ಟಿದ ಆಟ. ಕತೆಯ ಗೊಡವೆಯಿಲ್ಲ, ಓಡು, ನೆಗೆ, ಗುಂಡು ಹಾರಿಸು, ಸತ್ತರೆ ಮರುಕ್ಷಣವೇ ಎದ್ದು ಬಾ. ಈ ವೇಗವನ್ನು 16 ಎಂಬಿ ಮೆಮೊರಿಯ, ಟಿವಿಗೆ ಸಿಕ್ಕಿಸುವ ಪೆಟ್ಟಿಗೆಯೊಳಗೆ ಇಳಿಸಿದವರು ರಾಸ್ಟರ್ ಪ್ರೊಡಕ್ಷನ್ಸ್. 2000ದ ಅಕ್ಟೋಬರಿನಲ್ಲಿ ಅದು ಅಂಗಡಿಗೆ ಬಂತು. ಫೋನ್ ತಂತಿಯ 56ಕೆ ಮೋಡೆಮ್ ತಾಳಬೇಕಲ್ಲ, ಹಾಗಾಗಿ ಆನ್‌ಲೈನ್ ಅಖಾಡದಲ್ಲಿ ನಾಲ್ಕೇ ಜನ. ಆದರೆ ಕಂಪ್ಯೂಟರಿನವರೂ ಅದೇ ಅಖಾಡಕ್ಕೆ ಇಳಿಯಬಹುದಿತ್ತು! ಹೆಬ್ಬೆರಳಿನಿಂದ ಗುರಿಯಿಡುವವನು ಮೌಸ್ ಹಿಡಿದವನೆದುರು ನಿಲ್ಲುವುದು ಕಷ್ಟ. ಡ್ರೀಮ್‌ಕಾಸ್ಟಿನಲ್ಲೂ ಕೀಬೋರ್ಡ್, ಮೌಸ್ ಸಿಕ್ಕಿಸಿ ಆಡಲು ದಾರಿಯಿತ್ತು. ನನ್ನ ಮಟ್ಟಿಗೆ ಆ ಕನ್ಸೋಲ್ ರೂಪದ ಧೈರ್ಯವೆಲ್ಲ ಇದರಲ್ಲೇ ಇದೆ.

ಮೂರು ತಿಂಗಳಲ್ಲಿ ಯಂತ್ರದ ಕತೆ ಮುಗಿಯಿತು, ಆಟದ್ದು ಮುಗಿಯಲಿಲ್ಲ. 2005ರಲ್ಲಿ ಐಡಿ ಅದರ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಹಳೆಯ ಡ್ರೀಮ್‌ಕಾಸ್ಟ್ ಇಟ್ಟುಕೊಂಡವರು ಅಭಿಮಾನಿಗಳೇ ನಡೆಸುವ ಸರ್ವರುಗಳಲ್ಲಿ ಈಗಲೂ ಸೇರಿ ಆಡುತ್ತಾರೆ. ನಮ್ಮ ಚಾಂಪಿಯನ್ ರೀಫ್‌ನ ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿದೆ. ಅಲ್ಲಿಗೆ ಇಳಿಯುತ್ತಿದ್ದವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.