ನಾಕು ಮಂದಿ ಅಕ್ಕ-ತಂಗ್ಯಾರು

ನಮ್ಮ ದೇಶದ ಕಡೀ ವೈಸರಾಯ್ ಮೌಂಟ್‌ಬ್ಯಾಟನ್ ಹೆಸರು ಸಾಲ್ಯಾಗ ಬಾಯಿಪಾಠ ಮಾಡೇವಲ್ಲಾ, ಅವನ ತಾಯಿಯ ತವರುಮನಿ ಜರ್ಮನಿ ಅಂತ ನನಗ ಈಗ ಗೊತ್ತಾತು. ಡಾರ್ಮ್‌ಸ್ಟಾಟ್ ಊರಾಗ ಹೆಸ್ಸೆ ಸಂಸ್ಥಾನದ ಅರಮನಿ. ಅಲ್ಲಿಯ ಹಿರೇ ಮಗಳು ವಿಕ್ಟೋರಿಯಾ. ಆಕಿ ಬೆನ್ನಿಗೆ ಎಲಿಸಬೆತ್, ಐರೀನ್, ಸಣ್ಣಾಕಿ ಅಲಿಕ್ಸ್. ಇವರ ಕಥಿ ಓದಿದ ಮ್ಯಾಲೆ ಎರಡು ದಿನ ಬ್ಯಾರೆ ಏನೂ ತಲಿಗೆ ಹತ್ತಲಿಲ್ಲ ನೋಡ್ರಿ.

1878ರಾಗ ಮನಿಗೆ ಗಂಟಲಮಾರಿ ಹೊಕ್ಕಿತು. ನಾಕು ವರ್ಷದ ತಂಗಿ ಮೇರಿ ತೀರಿದಳು. ಮಕ್ಕಳ ಆರೈಕಿ ಮಾಡಿದ ತಾಯಿ ಆಲಿಸ್ ಕೂಡ ತಿಂಗಳೊಪ್ಪತ್ತಿನಾಗ ಹೋದಳು, 35 ವರ್ಷಕ್ಕ. ಅಲಿಕ್ಸ್‌ಗೆ ಆಗ ಆರು. ಈ ಆಲಿಸ್ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗಳು. ತಾಯಿಲ್ಲದ ಮೊಮ್ಮಕ್ಕಳ ಮ್ಯಾಲೆ ಅಜ್ಜಿ ಕಣ್ಣಿಟ್ಟಿದ್ದಳು, ರಷ್ಯಾಕ್ಕ ಕೊಡೋದು ಆಕಿಗೆ ಸುತರಾಂ ಬ್ಯಾಡಾಗಿತ್ತು.

ಆದರೂ ಎಲಿಸಬೆತ್ 1884ರಾಗ ಅಲ್ಲಿಗೇ ಸೊಸಿಯಾಗಿ ಹೋದಳು. ಹತ್ತು ವರ್ಷದ ಮ್ಯಾಲೆ ಅಲಿಕ್ಸ್‌ನೂ ಹೋದಳು. ಆಕಿನ್ನ ಕೈಹಿಡಿದ ನಿಕೋಲಸ್ ಅಪ್ಪ ತೀರಿ ಆಗಷ್ಟೇ ಚಕ್ರವರ್ತಿ ಆಗಿದ್ದ. ಮಾವನ ಮಣ್ಣಾಗಿ ಒಂದೇ ವಾರಕ್ಕ ಮದುವಿ! ನಮ್ಮಲ್ಲೂ ಹಿರೇರು ಹೋದ್ರ ವರ್ಷದೊಳಗ ಮದುವಿ ಮುಗಸತಾರ ಖರೆ, ಆದ್ರ ವಾರಕ್ಕ? ಶವದ ಹಿಂದ ಬಂದ ಸೊಸಿ ಅಂತ ಮಂದಿ ಆಡಿಕೊಂಡ್ರು. ಧರ್ಮ ಬಿಟ್ಟಳು, ಹೆಸರೂ ಬಿಟ್ಟು ಅಲೆಕ್ಸಾಂಡ್ರಾ ಆದಳು.

ಇದಕ್ಕಿಂತ ದೊಡ್ಡ ಸಂಕಟ ತವರಿನಿಂದ ರಕ್ತದಾಗ ಬಂದಿತ್ತು. ಗಾಯಾದ್ರ ರಕ್ತ ನಿಲ್ಲದ ರೋಗ, ಹಿಮೊಫೀಲಿಯಾ. ಹೆಣ್ಣುಮಕ್ಕಳು ಒಯ್ಯತಾರ, ಗಂಡುಮಕ್ಕಳು ಅನುಭವಸತಾರ. ಇವರ ಸಣ್ಣ ತಮ್ಮ ಕಿಟಕಿಯಿಂದ ಬಿದ್ದು ಸತ್ತದ್ದು ಇದರಿಂದನ. ಪ್ರಶಿಯಾಕ್ಕ ಕೊಟ್ಟ ಐರೀನ್‌ಳ ಮೂರು ಗಂಡುಮಕ್ಕಳೊಳಗ ಇಬ್ಬರಿಗೆ ಇತ್ತು, ಅದರಾಗ ಸಣ್ಣಾಂವ ನಾಕು ವರ್ಷದಾಂವ 1904ರ ಫೆಬ್ರುವರಿಗೆ ಹೋದ. ಅದೇ ಆಗಸ್ಟ್‌ನಾಗ ಅಲಿಕ್ಸ್‌ಗೆ, ನಾಕು ಹೆಣ್ಣಿನ ಮ್ಯಾಲೆ, ಹರಕಿ ಹೊತ್ತ ಗಂಡು. ಆರು ವಾರಕ್ಕ ಕೂಸಿನ ಹೊಕ್ಕಳದಿಂದ ರಕ್ತ ಸುರೀಲಿಕ್ಕೆ ಹತ್ತಿತು. ಅಕ್ಕನ ಮನ್ಯಾಗ ಆಗಲೇ ಕಂಡ ತಾಯಿಗೆ ಅದೇನಂತ ಯಾರೂ ಹೇಳಬೇಕಾಗಿರಲಿಲ್ಲ. ರಾಸ್ಪುಟಿನ್‌ನ ಕಾಲಿಗೆ ಬಿದ್ದಳು ಅಂತ ಎಲ್ಲಾರೂ ಬೈತಾರ, ನನಗ ಬೈಯಾಕ ಬಾಯಿ ಬರೂದಿಲ್ಲ.

ಎಲಿಸಬೆತ್‌ಗೆ ಮಕ್ಕಳಿಲ್ಲ. 1905ರಾಗ ಗಂಡನ್ನ ಬಾಂಬು ಹಾಕಿ ಕೊಂದರು. ಕೊಂದಾವನ್ನ ಆಕಿ ಜೈಲಿಗೆ ಹೋಗಿ ಕಂಡು ಬಂದಳು. ಆಮ್ಯಾಲೆ ಆಭರಣ ಮಾರಿ ಮಾಸ್ಕೋದಾಗ ಬಡವರ ಸೇವಾಕ್ಕ ಮಠ ಕಟ್ಟಿದಳು.

1914ಕ್ಕ ಯುದ್ಧ. ಐರೀನ್‌ಳ ಗಂಡ ಜರ್ಮನ್ ನೌಕಾಪಡ್ಯಾಗ, ವಿಕ್ಟೋರಿಯಾಳ ಗಂಡ ಬ್ರಿಟಿಷ್ ನೌಕಾಪಡಿಗೆ ಮುಖ್ಯಸ್ಥ. ಜರ್ಮನಿಯಾಗ ಬೆಳೆದಾಂವ ಅಂತ ಇಂವ ರಾಜೀನಾಮೆ ಕೊಡಬೇಕಾತು. 1917ಕ್ಕ ಬ್ಯಾಟನ್‌ಬರ್ಗ್ ಅನ್ನೋ ಅಡ್ಡಹೆಸರೂ ಮೌಂಟ್‌ಬ್ಯಾಟನ್ ಆತು. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತೀವಿ ನಾವು, ರಷ್ಯಾದ ಮಂದಿ ಮಾತ್ರ ಅಲಿಕ್ಸ್‌ನ್ನ ಕಡೀತನಕ "ಜರ್ಮನ್ನಾಕಿ" ಅಂದರು.

1918ರ ಜುಲೈ 17ಕ್ಕ ಗಂಡ, ಐದೂ ಮಕ್ಕಳ ಜೋಡಿ ಆಕಿನ್ನ ಗುಂಡಿಟ್ಟು ಕೊಂದರು. ಮರುದಿನ ಎಲಿಸಬೆತ್‌ಳನ್ನ ಹಳೇ ಗಣಿಯೊಳಗ ನೂಕಿದರು. 1921ರಾಗ ಆಕಿ ಶವ ಜೆರೂಸಲೇಮ್ ಮುಟ್ಟಿತು, ಮಣ್ಣಿಗೆ ಹಿರೇ ಅಕ್ಕ ವಿಕ್ಟೋರಿಯಾ ಇದ್ದಳು.

ಅಲಿಕ್ಸ್‌ಳ ಎಲುಬು ಎಷ್ಟೋ ವರ್ಷಕ್ಕ ಸಿಕ್ಕಾವು. ಆಕೀವೇ ಹೌದೋ ಅಲ್ಲೋ ಅಂತ ನೋಡಲಿಕ್ಕೆ 1993ರಾಗ ವಿಕ್ಟೋರಿಯಾಳ ಮಗಳ ಮಗ, ಎಲಿಜಬೆತ್ ರಾಣಿಯ ಗಂಡ ಫಿಲಿಪ್, ತನ್ನ ರಕ್ತ ಕೊಟ್ಟ. ತಾಯಿಯಿಂದ ಮಕ್ಕಳಿಗೆ ಇಳಿಯೋ ಗುರ್ತು ಇರತದಂತ, ಅದು ಕೂಡಿತು.