ಊರು, ತಂದೆ, ಹೆಸರು: ದಾಸ್ತೊಯೆವ್‌ಸ್ಕಿ ಕುಲನಾಮ ಮತ್ತು ಕೃಷ್ಣರಾಜಪೇಟೆ ಸೀಮೆಯ ವ್ಯಕ್ತಿನಾಮಗಳು

ರಷ್ಯನ್ ಕಾದಂಬರಿಕಾರ ಫ್ಯೋದರ್ ಮಿಖೈಲೊವಿಚ್ ದಾಸ್ತೊಯೆವ್‌ಸ್ಕಿಯ (1821–1881) ಹೆಸರಿನಲ್ಲಿ ಮೊದಲನೆಯದು ಅಂಕಿತನಾಮ, ಎರಡನೆಯದು ತಂದೆ ಮಿಖಾಯಿಲನಿಂದ ಬಂದ ಪಿತೃನಾಮ, ಮೂರನೆಯದು ಊರಿನಿಂದ ಬಂದ ಕುಲನಾಮ. ಈ ಮನೆತನದ ಪೂರ್ವಜನೊಬ್ಬನಿಗೆ 1506ರಲ್ಲಿ ಪಿನ್ಸ್ಕ್‌ನ ರಾಜಕುಮಾರನಿಂದ ದಾಸ್ತೊಯೆವೊ ಗ್ರಾಮವು ಉಂಬಳಿಯಾಗಿ ದೊರೆಯಿತು. ಆ ಗ್ರಾಮ ಈಗ ಬೆಲಾರುಸ್ ದೇಶಕ್ಕೆ ಸೇರಿದೆ. ಲೇಖಕನು ಜನಿಸಿದ್ದಾದರೋ ಮಾಸ್ಕೋದಲ್ಲಿ.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ವ್ಯಕ್ತಿನಾಮಗಳಲ್ಲಿಯೂ ಇವೇ ಮೂರು ಅಂಗಗಳಿವೆ. ಕ್ರಮ ಮಾತ್ರ ತಿರುವುಮುರುವು. ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿಗಳಾದ ಕಿಕ್ಕೇರಿ, ಅಕ್ಕಿಹೆಬ್ಬಾಳುಗಳು ಕ್ರಮವಾಗಿ ಕಿಕ್ಕೇರಿ ಸುಬ್ಬರಾವ್ ನರಸಿಂಹಸ್ವಾಮಿ (1915–2003), ಅಕ್ಕಿಹೆಬ್ಬಾಳು ನರಸಿಂಹ ಮೂರ್ತಿರಾವ್ (1900–2003) ಅವರ ಹೆಸರುಗಳ ಮೊದಲ ಅಕ್ಷರದಲ್ಲಿ ಅಡಗಿವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ (1884–1946) ‘ಬಿ’ಯಲ್ಲಿದೆ. ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಆದುದರಿಂದ ಊರಕ್ಷರವನ್ನು ಜನ್ಮಸ್ಥಳಕ್ಕೆ ಆಧಾರವೆಂದು ಹಿಡಿಯುವುದು ಅಪಾಯಕರ. ಅದು ಸೂಚಿಸುವುದು ಮನೆತನದ ಮೂಲವನ್ನು, ದಾಸ್ತೊಯೆವ್‌ಸ್ಕಿಯ ವಿಷಯದಲ್ಲಿ ಆದಂತೆಯೇ.

ಊರಕ್ಷರವು ತಲೆಮಾರನ್ನು ದಾಟುತ್ತದೆಯೇ ಎಂಬ ಪ್ರಶ್ನೆಗೆ ಬೂಕನಕೆರೆ ಉತ್ತರ ಕೊಡುತ್ತದೆ. ಬಿ.ಎಸ್. ಯಡಿಯೂರಪ್ಪನವರ ‘ಎಸ್’ ತಂದೆ ಸಿದ್ದಲಿಂಗಪ್ಪನವರದು. ಅವರ ಮಕ್ಕಳಾದ ರಾಘವೇಂದ್ರ, ವಿಜಯೇಂದ್ರರಲ್ಲಿ ಅದು ‘ವೈ’ ಆಯಿತು. ಬೂಕನಕೆರೆಯ ‘ಬಿ’ ಮಾತ್ರ ಕದಲಲಿಲ್ಲ. ರಷ್ಯನ್ ಕ್ರಮದಲ್ಲಿಯೂ ಹೀಗೆಯೇ ಪಿತೃನಾಮ ಬದಲಾಗುತ್ತದೆ, ಕುಲನಾಮ ಉಳಿಯುತ್ತದೆ.

ಎಲ್ಲ ಮೊದಲಕ್ಷರಗಳೂ ಊರಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998) ಅವರ ‘ಪು’ ಪುರೋಹಿತ ಎಂಬ ವೃತ್ತಿ. ರಷ್ಯದಲ್ಲಿ ಪಾದ್ರಿವಾಚಿಯಾದ ‘ಪೊಪ್’ ಪದದಿಂದ ಪೊಪೊವ್ ಎಂಬ ಕುಲನಾಮ ಹುಟ್ಟಿದೆ. ರೇಡಿಯೊ ಸಂಶೋಧಕ ಅಲೆಕ್ಸಾಂಡರ್ ಪೊಪೊವ್ (1859–1906) ಪಾದ್ರಿಯ ಮಗನೇ. ಸಂತೆಬಾಚಹಳ್ಳಿಯಲ್ಲಿ ಚಲನೆ ವಿರುದ್ಧ ದಿಕ್ಕಿನದು. ಬಾಚ ಎಂಬುದು ಶಾಸನಗಳಲ್ಲಿ ಬಳಕೆಯಿರುವ ಪುರುಷನಾಮ. ಅದು ಊರಿಗೆ ಸಂದು, ಮುಂದೆ ಸಂತೆ ಸೇರಿತೆನ್ನಬಹುದು.

ವ್ಯತ್ಯಾಸವಿರುವುದು ಬರವಣಿಗೆಯಲ್ಲಿ. ರಷ್ಯದಲ್ಲಿ ಕುಲನಾಮವನ್ನು ಪೂರ್ಣವಾಗಿ ಬರೆದು ಪಿತೃನಾಮವನ್ನು ಮೊಟಕುಗೊಳಿಸುವುದುಂಟು. ಇಲ್ಲಿ ಊರು, ತಂದೆ ಎರಡೂ ಅಕ್ಷರಗಳಾಗಿ ಕುಗ್ಗಿ ಅಂಕಿತನಾಮವೊಂದೇ ನಿಲ್ಲುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ದಾಸ್ತೊಯೆವೊ ಗ್ರಾಮವು ದಾಖಲೆಯ ಶಿರೋನಾಮವಾದರೆ, ಕಿಕ್ಕೇರಿಯು ‘ನರಸಿಂಹಸ್ವಾಮಿ, ಕೆ.ಎಸ್.’ ಎಂಬಲ್ಲಿ ಅಲ್ಪವಿರಾಮದ ಆಚೆಗಿನ ಒಂದಕ್ಷರ. ಕೋಲಾರದ ‘ಕೆ’ಯನ್ನೂ ಕಿಕ್ಕೇರಿಯ ‘ಕೆ’ಯನ್ನೂ ಬೇರ್ಪಡಿಸಲು ಆ ಸೂಚಿಯಿಂದ ಸಾಧ್ಯವಿಲ್ಲ.